ಕರಡಿ ಬಾಬ್ತು

ಮಧುಗಿರಿಯಲ್ಲಿ ಹೈಸ್ಕೂಲು ಓದುತ್ತಿದ್ದಾಗ ಲೈಬ್ರರಿಯಿಂದ ತಂದ ಒಂದು ಪುಸ್ತಕ ನಮ್ಮ ಕ್ಲಾಸಿನಲ್ಲಿ ಕೈಯಿಂದ ಕೈಗೆ ಓಡಾಡಿ ಕೊನೆಗೆ ರಟ್ಟೇ ಕಿತ್ತುಹೋಯಿತು. ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಬರಹಗಳನ್ನು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಮಾಲೆಯ ‘ಜಾಲಹಳ್ಳಿಯ ಕುರ್ಕ’. ಕುರ್ಕ ಎಂದರೆ ಚಿರತೆ. ನಮ್ಮ ಕಡೆ ಅದನ್ನೇ ಕಿರುಬ ಎನ್ನುತ್ತಾರೆ, ನಿಘಂಟು ತೆಗೆದರೆ ಕಿರುಬ ಎಂದರೆ ಕತ್ತೆಕಿರುಬ ಎಂದಿರುತ್ತದೆ. ಹಾಗಾಗಿ ಓದುವ ಮೊದಲೇ ಒಂದು ಜಗಳ ಆಗಿತ್ತು. ಓದಿದ ಮೇಲೆ ಇನ್ನೊಂದು ಜಗಳ. ಆಂಡರ್ಸನ್ನನ ರೈಫಲಿನ ಹೆಸರಲ್ಲಿದ್ದ 405 ಎಂಬ ಅಂಕಿ ಏನು? ಒಬ್ಬ ಅದು ಗುಂಡು ಹೋಗುವ ಗಜ ಎಂದ, ಇನ್ನೊಬ್ಬ ರೈಫಲಿನ ಬೆಲೆ ಎಂದ. ನಾನು ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ಉತ್ತರ ಹೇಳಲಿಲ್ಲ. ‘ಕೋವಿ ವಿಷಯ ಈ ಮನೇಲಿ ಮಾತಾಡಬೇಡ’ ಎಂದರು.

ಮನೆಯಲ್ಲಿ ಕೋವಿ ಇತ್ತು. ಅಟ್ಟದ ಮೇಲೆ, ಗೋಣಿತಾಟಿನಲ್ಲಿ ಸುತ್ತಿ, ಹಳೆಯ ಕೂರಿಗೆಯ ಪಕ್ಕ. ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಚೀಟಿ ಪಡೆಯಬೇಕಾಗಿದ್ದುದರಿಂದ ನನ್ನ ಬಾಲ್ಯದಲ್ಲಿ ಪ್ರಜಾಪ್ರಭುತ್ವಕ್ಕೂ ಆ ಗೋಣಿತಾಟಿಗೂ ಏನೋ ಸಂಬಂಧವಿದೆ ಎಂದುಕೊಂಡಿದ್ದೆ. ಅದು ತಾತನ ಹೆಸರಿನಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ. ಅಪ್ಪ ಏಕೆ ಆ ಮಾತು ಬೇಡ ಎಂದರು ಎಂಬುದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ 405ರ ಅರ್ಥ ಹುಡುಕುತ್ತ ಹೊರಟವನು ತೋಟಾಗಳ ಚರಿತ್ರೆಯೊಳಗೆ ಬಿದ್ದಿದ್ದೆ.

ಮೊದಲು ಅಂಕಿಯ ವಿಷಯ ಮುಗಿಸಿಬಿಡುತ್ತೇನೆ. 405 ಎಂದರೆ ನಳಿಗೆಯ ಒಳವ್ಯಾಸ, ಅಂಗುಲದ ಸಾವಿರದಲ್ಲಿ ನಾನೂರೈದು ಭಾಗ. ಆದರೆ ನಮ್ಮ ಹಳ್ಳಿಗಳಲ್ಲಿ ಹೇಳುವ ‘ಹನ್ನೆರಡು ಬೋರು’ ಬೇರೆಯೇ ಲೆಕ್ಕ. ಒಂದು ಪೌಂಡು ಸೀಸವನ್ನು ಕರಗಿಸಿ ಆ ನಳಿಗೆಗೆ ಹಿಡಿಯುವ ದುಂಡನೆಯ ಗುಂಡು ಎರಕ ಹೊಯ್ದರೆ ಎಷ್ಟು ಗುಂಡು ಬರುತ್ತವೆಯೋ ಅಷ್ಟು ಬೋರು. 12 ಬೋರಿನ ಗುಂಡು ಸುಮಾರು 38 ಗ್ರಾಂ. 8 ಬೋರಿನದು 57 ಗ್ರಾಂ. 4 ಬೋರಿನದು 113 ಗ್ರಾಂ, ಅಂದರೆ ಒಂದು ದೊಡ್ಡ ನಿಂಬೆಹಣ್ಣಿನ ತೂಕದ ಸೀಸ. ಅಂಕಿ ಇಳಿದಷ್ಟೂ ಗುಂಡು ದೊಡ್ಡದು. ಹಳೆಯ ಕಾಲದ ಬೇಟೆಗಾರರು ಆನೆ, ಕಾಟಿಗಳ ಮುಂದೆ ನಿಲ್ಲುತ್ತಿದ್ದುದು ಈ ಸಣ್ಣ ಅಂಕಿಗಳನ್ನು ಹಿಡಿದುಕೊಂಡು.

ನಮ್ಮ ಮೈಸೂರು ಸೀಮೆಯಲ್ಲಿ ಅಂಥವರಲ್ಲಿ ಮೊದಲು ನೆನಪಾಗುವವನು ಜಿ.ಪಿ. ಸ್ಯಾಂಡರ್ಸನ್. 1864ರಲ್ಲಿ ಇಂಡಿಯಾಕ್ಕೆ ಬಂದು, ಕಾಲುವೆಗಳ ಉಸ್ತುವಾರಿಗೆ ಸೇರಿ, ಕಡೆಗೆ ಚಾಮರಾಜನಗರದ ಕಡೆ ಆನೆ ಖೆಡ್ಡಾ ನಡೆಸಿದವನು. 1878ರಲ್ಲಿ ಬಂದ ಅವನ ‘ಥರ್ಟೀನ್ ಇಯರ್ಸ್ ಅಮಂಗ್ ದ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಓದಿದರೆ ಆ ಕಾಲದ ಕೋವಿ ಚರ್ಚೆ ಹೇಗಿತ್ತು ಎಂದು ಗೊತ್ತಾಗುತ್ತದೆ. ಆನೆಗೆ ದೊಡ್ಡ ಬೋರೇ ಬೇಕು ಎನ್ನುವ ಪಂಗಡ ಅವನದು. ಕಪ್ಪು ಮದ್ದು ಉರಿಯುವುದು ಒಂದು ಮಿತಿಯ ವೇಗದಲ್ಲಿ. ಎಷ್ಟು ತುರುಕಿದರೂ ಗುಂಡಿನ ವೇಗ ಸೆಕೆಂಡಿಗೆ 450–500 ಮೀಟರಿನ ಆಚೆಗೆ ಸುಲಭವಾಗಿ ಹೋಗುವುದಿಲ್ಲ. ವೇಗ ಏರದಿದ್ದರೆ ಪೆಟ್ಟನ್ನು ಏರಿಸಲು ಉಳಿದಿರುವುದು ಒಂದೇ ದಾರಿ: ಗುಂಡನ್ನು ದಪ್ಪ ಮಾಡುವುದು. ಗುಂಡು ದಪ್ಪವಾದರೆ ಕೋವಿಯೂ ತೂಕವಾಗಬೇಕು, ಇಲ್ಲದಿದ್ದರೆ ಹಿಂದೊದೆತಕ್ಕೆ ಹೆಗಲು ಮುರಿಯುತ್ತದೆ. ಹೀಗಾಗಿ 8 ಬೋರಿನ ಜೋಡುನಳಿಗೆಗಳು ಏಳೆಂಟು ಕಿಲೋ ತೂಗುತ್ತಿದ್ದವು. ಅದನ್ನು ಕಾಡಿನಲ್ಲಿ ದಿನವಿಡೀ ಹೊರುತ್ತಿದ್ದವನು ಸಾಹೇಬನಲ್ಲ, ಅವನ ಹಿಂದೆ ಬರಿಗಾಲಿನಲ್ಲಿ ನಡೆಯುತ್ತಿದ್ದ ನಮ್ಮವನು. ಈಡು ಹಾರಿದ ಕೂಡಲೇ ದಟ್ಟ ಬಿಳಿ ಹೊಗೆ. ಗಾಳಿ ಇಲ್ಲದ ದಿನ ಆ ಹೊಗೆಯ ಆಚೆ ಪ್ರಾಣಿ ಬಿದ್ದಿದೆಯೋ, ಓಡಿತೋ, ಮೇಲೇ ಬರುತ್ತಿದೆಯೋ ಕಾಣುವುದಿಲ್ಲ. ಸೀಸ ಮೆತ್ತಗಿರುವುದರಿಂದ ಎಲುಬಿಗೆ ಬಡಿದ ಕೂಡಲೇ ಅಪ್ಪಚ್ಚಿಯಾಗುತ್ತಿತ್ತು, ಅದಕ್ಕೇ ತವರ ಬೆರೆಸಿ ಗಟ್ಟಿ ಮಾಡುತ್ತಿದ್ದರು.

1880ರ ದಶಕದಲ್ಲಿ ಹೊಗೆ ಇಲ್ಲದ ಮದ್ದು ಬಂತು. ಬ್ರಿಟಿಷರು ಅದರ ತಮ್ಮ ಬಗೆಗೆ ಕಾರ್ಡೈಟ್ ಎಂದು ಹೆಸರಿಟ್ಟರು, ಅದು ಶ್ಯಾವಿಗೆಯಂತಹ ಎಳೆಗಳಾಗಿ ಬರುತ್ತಿತ್ತು. 1898ರಲ್ಲಿ ಲಂಡನ್ನಿನ ಜಾನ್ ರಿಗ್ಬಿ ಹಳೆಯ ಕಪ್ಪು ಮದ್ದಿನ 450 ತೋಟಾದ ಹಿತ್ತಾಳೆ ಚಿಪ್ಪಿಗೇ ಕಾರ್ಡೈಟ್ ತುಂಬಿ, ಮುಂದೆ 31 ಗ್ರಾಮಿನ, ಗಟ್ಟಿ ಲೋಹದ ಹೊದಿಕೆಯ ಗುಂಡು ಕೂರಿಸಿದ. ಅದು ಸೆಕೆಂಡಿಗೆ 655 ಮೀಟರು ಹೋಯಿತು. ಕೈಯಲ್ಲಿದ್ದ ಕೋವಿಯ ತೂಕ ಒಮ್ಮೆಗೇ ಐದು ಕಿಲೋದ ಆಸುಪಾಸಿಗೆ ಇಳಿಯಿತು. 450 ನೈಟ್ರೋ ಎಕ್ಸ್‌ಪ್ರೆಸ್ ಎಂಬ ಈ ತೋಟಾದಿಂದಲೇ ಈಗ ನಾವು ‘ಸಾಂಪ್ರದಾಯಿಕ’ ಎಂದು ಕರೆಯುವ ದೊಡ್ಡ ಬೇಟೆಯ ತೋಟಾಗಳ ವಂಶ ಶುರುವಾಗುವುದು. ಇದನ್ನು ಸಂಪ್ರದಾಯ ಎನ್ನುವುದೇ ತಮಾಷೆ. ಆ ಹೊತ್ತಿಗೆ ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಬತ್ತಿಕೋವಿಗಳಿದ್ದವು. ಬತ್ತಿ ಹೋಗಿ ಕೇಪು ಬಂದದ್ದೇ ದೊಡ್ಡ ಸಂಗತಿ.

ಇಲ್ಲಿ ಒಂದು ಸುಂಕದ ಕಥೆ ಬರುತ್ತದೆ. ತೋಟಾಗಳ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ, ನನಗೆ ಮಾತ್ರ ಇದೇ ಮುಖ್ಯ ಎನಿಸುತ್ತದೆ. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲುಗಳ ನಳಿಗೆಯೂ 450ರದೇ. ಬೇಟೆಯ ಹೆಸರಲ್ಲಿ ಬಂದ 450 ಗುಂಡುಗಳು ಬಂಡಾಯಗಾರರ ಕೈಗೆ ಸಿಕ್ಕರೆ ಎಂಬ ಭಯದಿಂದ 1907ರಲ್ಲಿ ಇಂಡಿಯಾ ಮತ್ತು ಸುಡಾನಿಗೆ ಆ ಅಳತೆಯ ಕೋವಿಗಳ ಆಮದನ್ನು ಸರ್ಕಾರ ನಿಲ್ಲಿಸಿತು. ಲಂಡನ್ನಿನ ಕೋವಿ ಅಂಗಡಿಗಳಿಗೆ ಇಂಡಿಯಾ ದೊಡ್ಡ ಗಿರಾಕಿ. ಅವರು ಸುಮ್ಮನಿರುತ್ತಾರೆಯೇ? ಒಬ್ಬ 465 ಮಾಡಿದ, ಒಬ್ಬ 470, ಮತ್ತೊಬ್ಬ 475, ಇನ್ನೊಬ್ಬ 476. ಎಲ್ಲದರ ಪೆಟ್ಟೂ ಹೆಚ್ಚುಕಡಿಮೆ ಒಂದೇ. ಇವತ್ತು ಆಫ್ರಿಕಾದಲ್ಲಿ ಲಕ್ಷಾಂತರ ರೂಪಾಯಿ ಕೊಟ್ಟು ಕೊಳ್ಳುವ 470 ಜೋಡುನಳಿಗೆಯ ಹುಟ್ಟು ಯಾವ ಆನೆಯ ಹಣೆಯೆಲುಬಿನ ಲೆಕ್ಕಾಚಾರದಿಂದಲೂ ಆದದ್ದಲ್ಲ, ನಮ್ಮ ಜನ ದಂಗೆ ಎದ್ದಾರು ಎಂಬ ಅಂಜಿಕೆಯಿಂದ ಆದದ್ದು. ಸ್ವಾತಂತ್ರ್ಯ ಬಂದ ಮೇಲೂ ಆ ಅಂಜಿಕೆ ಹೋಗಲಿಲ್ಲ. ಸೈನ್ಯದ 303 ಖಾಸಗಿಯವರಿಗೆ ನಿಷಿದ್ಧ. ಅದಕ್ಕೇ ಈಗಲೂ ನಮ್ಮ ದೇಶದಲ್ಲಿ ಲೈಸೆನ್ಸ್ ಇದ್ದವರು ಕೊಳ್ಳುವ ಸರ್ಕಾರಿ ಕಾರ್ಖಾನೆಯ ರೈಫಲು 315. ಅದರ ತೋಟಾ ಮೂಲದಲ್ಲಿ ಆಸ್ಟ್ರಿಯಾ ಸೈನ್ಯದ್ದು. ನಮ್ಮ ಸೈನ್ಯದ್ದಲ್ಲ ಎಂಬುದೇ ಅದರ ಅರ್ಹತೆ.

ಬಿಸಿಲಿನ ಪಾತ್ರವೂ ಇದೆ. ಕಾರ್ಡೈಟ್ ಬಿಸಿಯಾದರೆ ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಲಂಡನ್ನಿನ ಚಳಿಯಲ್ಲಿ ಪರೀಕ್ಷೆ ಮಾಡಿದ ತೋಟಾವನ್ನು ಪಾವಗಡದ ಏಪ್ರಿಲ್ ತಿಂಗಳಿನಲ್ಲಿ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಬೆಟ್ಟ ಹತ್ತಿದರೆ ಏನಾಗುತ್ತದೆ ಎಂದು ಯೋಚಿಸಿ. ಪಾವಗಡದ ಬಿಸಿಲೆಂದರೆ ಈಗ 2,050 ಮೆಗಾವಾಟ್ ವಿದ್ಯುತ್ ತೆಗೆಯುವಷ್ಟು ಬಿಸಿಲು. ಒತ್ತಡ ಏರಿ ಖಾಲಿ ಚಿಪ್ಪು ನಳಿಗೆಗೆ ಕಚ್ಚಿಕೊಂಡರೆ ಎರಡನೇ ಈಡು ಹಾಕುವ ಮಾತೇ ಇಲ್ಲ. ಗಾಯಗೊಂಡ ಪ್ರಾಣಿ ಎದುರಿಗಿರುವಾಗ ಅದರ ಅರ್ಥ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕಾಗಿಯೇ ಆ ಕಾಲದ ಇಂಗ್ಲಿಷ್ ತೋಟಾಗಳು ಬೇಕೆಂದೇ ಉದ್ದುದ್ದ, ದೊಗಳೆ. 1911ರ 416 ರಿಗ್ಬಿಯ ಚಿಪ್ಪು ಎಷ್ಟು ದೊಡ್ಡದೆಂದರೆ ಒಳಗೆ ಮದ್ದಿಗೆ ಆರಾಮವಾಗಿ ಉಸಿರಾಡಲು ಜಾಗ. 1912ರ 375 ಹಾಲೆಂಡ್ ಮ್ಯಾಗ್ನಮ್‌ನ ಚಿಪ್ಪು ಮೊನೆಯ ಕಡೆಗೆ ಇಳಿಜಾರು, ಬಿಸಿಲಿನಲ್ಲೂ ಜಾರಿಕೊಂಡು ಹೊರಬರಲಿ ಎಂದು. ಹೀಗೆ ಹಳೆಯ ತೋಟಾದ ಆಕಾರದಲ್ಲಿ ನಮ್ಮ ಹವಾಮಾನ ಕೂತಿದೆ.

ಆಂಡರ್ಸನ್ನನ 405 ಈ ಇಂಗ್ಲಿಷ್ ವಂಶದ್ದಲ್ಲ. 1904ರಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪನಿ ತನ್ನ 1895ರ ಮಾದರಿಯ, ಕುದುರೆಗಾರರು ಬಳಸುವಂತಹ ಲಿವರ್ ರೈಫಲಿಗೆ ಮಾಡಿದ ತೋಟಾ. 19 ಗ್ರಾಮಿನ ಗುಂಡು, ಸೆಕೆಂಡಿಗೆ 670 ಮೀಟರು. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದು ಸಿಂಹಗಳಿಗೆ ಇದೇ ಮದ್ದು ಎಂದು ಹೊಗಳಿದ ಮೇಲೆ ಅದಕ್ಕೆ ಹೆಸರು ಬಂತು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಆಂಡರ್ಸನ್ ಲಂಡನ್ನಿನ ಜೋಡುನಳಿಗೆ ಕೊಳ್ಳುವ ಶ್ರೀಮಂತರ ಸಾಲಿನವನಲ್ಲ. ಲಿವರ್ ರೈಫಲು ಅಗ್ಗ, ಹಗುರ, ಒಂದರ ಹಿಂದೆ ಒಂದು ಈಡು ಬೇಗ ಹಾಕಬಹುದು. ಅದನ್ನೇ ಹಿಡಿದು ಅವನು ಹೊಸದುರ್ಗ, ಹೊಳಲ್ಕೆರೆ, ತುಮಕೂರು ಸುತ್ತಿದ. 1954ರ ಅವನ ಮೊದಲ ಪುಸ್ತಕದಲ್ಲಿ ನಮ್ಮ ದೇವರಾಯನದುರ್ಗದ ಹುಲಿಗೇ ಒಂದು ಅಧ್ಯಾಯವಿದೆ. ಆ ಹುಲಿಯನ್ನು ಅವನು ಸನ್ಯಾಸಿ ಎಂದು ಕರೆಯುತ್ತಾನೆ. ಕೊರಟಗೆರೆಯಿಂದ ತುಮಕೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಆ ಬೆಟ್ಟದ ಸಾಲು ಕಾಣುತ್ತಿದ್ದಂತೆ ಈಗಲೂ ನಾನು ಒಮ್ಮೆ ತಿರುಗಿ ನೋಡುತ್ತೇನೆ.

ಇನ್ನು ‘ಆಧುನಿಕ’ ತೋಟಾಗಳು. 1956ರಲ್ಲಿ ವಿಂಚೆಸ್ಟರ್ 458 ಮ್ಯಾಗ್ನಮ್ ತಂದಿತು. ಹಳೆಯ 450ರ ಪೆಟ್ಟು, ಆದರೆ ಗಿಡ್ಡ ಚಿಪ್ಪು, ಸಾಧಾರಣ ಬೋಲ್ಟ್ ರೈಫಲಿನಲ್ಲಿ ಹಿಡಿಯುತ್ತದೆ, ಬೆಲೆ ಕಡಿಮೆ. ಲಂಡನ್ನಿನ ಅಂಗಡಿಗಳಿಗೆ ಅದು ಮರಣಶಾಸನ ಎಂದೇ ಎಲ್ಲರೂ ತಿಳಿದರು. ಆದರೆ ಅಷ್ಟು ಮದ್ದನ್ನು ಗಿಡ್ಡ ಚಿಪ್ಪಿನಲ್ಲಿ ಹಿಡಿಸಲು ಅದನ್ನು ಒತ್ತಿ ತುಂಬಬೇಕಿತ್ತು. ಒತ್ತಿದ ಮದ್ದು ವರ್ಷಾನುಗಟ್ಟಲೆ ಡಬ್ಬದಲ್ಲಿದ್ದರೆ ಹೆಪ್ಪುಗಟ್ಟಿದ ಬೆಲ್ಲದಂತಾಗಿ ಸರಿಯಾಗಿ ಉರಿಯುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕಿಂತ ಬಹಳ ಕಡಿಮೆ ವೇಗದಲ್ಲಿ ಗುಂಡು ಹೊರಬರುತ್ತಿತ್ತು, ಕೆಲವು ಸಲ ಆನೆಯ ತಲೆಯೊಳಗೆ ಮಿದುಳು ಮುಟ್ಟುವ ಮೊದಲೇ ನಿಲ್ಲುತ್ತಿತ್ತು. 1959ರಲ್ಲಿ ಮೊಜಾಂಬಿಕ್‌ನಲ್ಲಿ ಕಾಡುಕೋಣವೊಂದರಿಂದ ಜಜ್ಜಿಸಿಕೊಂಡು ಬದುಕಿ ಬಂದ ಜ್ಯಾಕ್ ಲಾಟ್ ಎಂಬಾತ ಮುಂದೆ ಚಿಪ್ಪನ್ನು ಉದ್ದ ಮಾಡಿ 458 ಲಾಟ್ ಮಾಡಿದ. ಅಂದರೆ ಸುತ್ತಿ ಬಳಸಿ ಹಳಬರ ದೊಗಳೆ ಚಿಪ್ಪಿನ ಬುದ್ಧಿಗೇ ವಾಪಸ್ಸು. ಆಮೇಲಿನವರು ಬಿಸಿಲಿಗೆ ಅಷ್ಟಾಗಿ ಜಗ್ಗದ ಹೊಸ ಮದ್ದುಗಳು ಸಿಕ್ಕಿದ್ದರಿಂದ ಮತ್ತೆ ಚಿಪ್ಪನ್ನು ಕುಗ್ಗಿಸಿದರು: 1988ರ 416 ರೆಮಿಂಗ್ಟನ್, 2007ರ 375 ರೂಗರ್. ಇವೆಲ್ಲ ಹಳೆಯ 416, 375ಗಳ ಕೆಲಸವನ್ನೇ ಮಾಡುತ್ತವೆ, ಹೆಚ್ಚು ಒತ್ತಡದಲ್ಲಿ, ಕಡಿಮೆ ಜಾಗದಲ್ಲಿ. ನಿಜವಾದ ಬದಲಾವಣೆ ಆದದ್ದು ಗುಂಡಿನಲ್ಲಿ. 1940ರ ದಶಕದ ಕೊನೆಗೆ ಜಾನ್ ನಾಸ್ಲರ್ ಗುಂಡಿನ ನಡುವೆ ಲೋಹದ ಅಡ್ಡಗೋಡೆ ಇಟ್ಟ, ಮುಂಭಾಗ ಅರಳಿದರೂ ಹಿಂಭಾಗ ಹಾಗೇ ಉಳಿದು ನುಗ್ಗಲಿ ಎಂದು. ಆಮೇಲೆ ಸೀಸವೇ ಇಲ್ಲದ ಇಡೀ ತಾಮ್ರದ ಗುಂಡುಗಳು ಬಂದವು. ತೋಟಾ ಹಳತಾದರೂ ಗುಂಡು ಹೊಸದಿದ್ದರೆ ಸಾಕು ಎಂದು ಈಗ ಬಲ್ಲವರು ಹೇಳುವುದು ಅದಕ್ಕೇ.

ಯಾವುದು ಮೇಲು? ನಾನು ಒಂದು ಸಂಜೆ ಕಾಗದ ಪೆನ್ಸಿಲ್ ಹಿಡಿದು ಕೂತು ಲೆಕ್ಕ ಹಾಕಿದೆ. ಶಕ್ತಿಯನ್ನು ಜೌಲ್‌ಗಳಲ್ಲಿ ನೋಡಿದರೆ ಸ್ಯಾಂಡರ್ಸನ್ ಕಾಲದ 8 ಬೋರು ಸುಮಾರು 5,900. 375 ಹಾಲೆಂಡ್ 5,700ರ ಆಸುಪಾಸು. 450 ನೈಟ್ರೋ 6,600. 416 ರಿಗ್ಬಿ 6,900. 458 ಮ್ಯಾಗ್ನಮ್ ಕಾಗದದ ಮೇಲೆ 6,800. ಆಂಡರ್ಸನ್ನನ 405 ಬರೀ 4,300. ನೂರು ವರ್ಷಗಳಲ್ಲಿ ಅಂಕಿ ಬದಲಾದದ್ದು ಇಷ್ಟೇ! ಬದಲಾದದ್ದು ಆ ಶಕ್ತಿ ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂಬುದು. 8 ಬೋರಿನ ಗುಂಡಿನ ಮುಖ 375ರ ಮುಖಕ್ಕಿಂತ ಐದು ಪಟ್ಟು ಅಗಲ. ಒಂದೇ ಬಲದಲ್ಲಿ ಒನಕೆಯಿಂದ ಕುಟ್ಟುವುದಕ್ಕೂ ಡಬ್ಬಣದಿಂದ ಚುಚ್ಚುವುದಕ್ಕೂ ಇರುವ ವ್ಯತ್ಯಾಸ. ಹಳತು ಕುಟ್ಟುತ್ತಿತ್ತು, ಹೊಸತು ತೂರುತ್ತದೆ. 1948ರಲ್ಲಿ ಜಾನ್ ಟೇಲರ್ ಎಂಬ ಆನೆ ಬೇಟೆಗಾರ ಕುಟ್ಟುವ ಪಕ್ಷ ವಹಿಸಿ, ಗುಂಡಿನ ತೂಕ, ವೇಗ, ವ್ಯಾಸ ಮೂರನ್ನೂ ಗುಣಿಸುವ ಒಂದು ಸೂತ್ರ ಕೊಟ್ಟ. ಅದರಲ್ಲಿ 405ಕ್ಕೆ 39, 375ಕ್ಕೆ 40, 450ಕ್ಕೆ 67 ಅಂಕ. 8 ಬೋರಿಗೆ ಹಾಕಿದರೆ 156 ಬರುತ್ತದೆ. ಸೂತ್ರ ಯಾರ ಪಕ್ಷದ್ದೋ ಅವರೇ ಗೆಲ್ಲುತ್ತಾರೆ. ಇತ್ತ ವಾಲ್ಟರ್ ಬೆಲ್ ಎಂಬಾತ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದದ್ದು ಬಹುಪಾಲು 7 ಮಿಲಿಮೀಟರಿನ 275ರಿಂದ. ಅದೇ ಅಳತೆಯ ರಿಗ್ಬಿಯನ್ನು ಚಂಪಾವತದ ಹುಲಿಯನ್ನು ಹೊಡೆದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಉಡುಗೊರೆ ಕೊಟ್ಟದ್ದು. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ ಮಿದುಳು ಎಲ್ಲಿದೆ ಎಂದು ಅಭ್ಯಾಸ ಮಾಡಿದವನು ಬೆಲ್. ಅವನಂತೆ ಹೊಡೆಯಬಲ್ಲವರಿಗೆ ಅದು ಸಾಕು. ಅವನನ್ನು ನೋಡಿ ಸಣ್ಣ ರೈಫಲು ಹಿಡಿದು ಹೋದವರ ಕಥೆಗಳನ್ನು ಬರೆಯಲು ಹೆಚ್ಚಿನವರು ಉಳಿಯಲಿಲ್ಲ.

ಚಂಪಾವತದ ಹುಲಿ ಎಂದೆ. ಕಾರ್ಬೆಟ್ ಅದನ್ನು ಕೊಂದು ಬಾಯಿ ತೆರೆದು ನೋಡಿದಾಗ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆ ಯಾರೋ ಹಾರಿಸಿದ ಗುಂಡಿನ ಪೆಟ್ಟು ಅದು. ತನ್ನ ಸಹಜ ಬೇಟೆಯನ್ನು ಹಿಡಿಯಲಾಗದೆ ಅದು ಮನುಷ್ಯರತ್ತ ತಿರುಗಿತು ಎಂದು ಅವನು ತಿಳಿದ. ಕಾರ್ಬೆಟ್, ಆಂಡರ್ಸನ್ ಇಬ್ಬರ ಪುಸ್ತಕಗಳಲ್ಲೂ ಮತ್ತೆ ಮತ್ತೆ ಬರುವುದು ಇದೇ ಅರೆಗಾಯ. ಎಲ್ಲೋ ಒಂದು ಕೇಪಿನ ಕೋವಿ, ಎಲ್ಲೋ ಒಂದು ಮುಷ್ಟಿ ಚರೆ, ಕತ್ತಲಲ್ಲಿ ಹಾರಿದ ಈಡು. ತಿಂಗಳಾದ ಮೇಲೆ ಇನ್ನೆಲ್ಲೋ ಸೌದೆಗೆ ಹೋದ ಹೆಂಗಸು. ತೋಟಾಗಳ ಹೋಲಿಕೆಯನ್ನು ಶುರು ಮಾಡಬೇಕಾದದ್ದು 375, 416ಗಳಿಂದಲ್ಲ, ಇಲ್ಲಿಂದ ಎಂದು ನನಗೆ ಅನ್ನಿಸತೊಡಗಿದ್ದು ನಮ್ಮ ಮನೆಯ ಸಂಗತಿ ತಿಳಿದ ಮೇಲೆ.

ನಮ್ಮೂರು ಮಧುಗಿರಿ, ಕೊರಟಗೆರೆಗಳ ನಡುವಿನ ಬೆಟ್ಟದ ಬುಡದಲ್ಲಿದೆ. ಈ ಸೀಮೆಯ ಬೆಟ್ಟಗಳೆಂದರೆ ಒಂದರ ಮೇಲೊಂದು ಪೇರಿಸಿದ ಬಂಡೆಗಳು, ಬಂಡೆಗಳ ಸಂದಿಯಲ್ಲಿ ಗವಿಗಳು, ಗವಿಗಳಲ್ಲಿ ಕರಡಿ. ಸಿರಾ ಕಡೆಯ ಬುಕ್ಕಾಪಟ್ಟಣದಲ್ಲಿ ಚಿಂಕಾರ, ಮೈದನಹಳ್ಳಿಯ ಬಯಲಲ್ಲಿ ಕೃಷ್ಣಮೃಗ, ಅವಕ್ಕೆಲ್ಲ ಈಗ ಸಂರಕ್ಷಿತ ಜಾಗಗಳಾಗಿವೆ. ಆದರೆ ನಮ್ಮ ಜನಕ್ಕೆ ಕಾಡುಪ್ರಾಣಿ ಎಂದರೆ ಕರಡಿಯೇ. ಹುಲಿ ಮನುಷ್ಯನ ಸದ್ದು ಹಿಡಿದು ದೂರ ಸರಿಯುತ್ತದೆ. ಕರಡಿಗೆ ಕಣ್ಣು ಮಂದ, ಗೆದ್ದಲ ಹುತ್ತ ಬಗೆಯುವಾಗ ಕಿವಿಯೂ ಇಲ್ಲ. ಹತ್ತಿರ ಹೋಗುವ ತನಕ ಅದಕ್ಕೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಗೊತ್ತಾದಾಗ ಅದು ಎದ್ದು ನಿಂತು ಮುಖಕ್ಕೇ ಕೈ ಹಾಕುತ್ತದೆ. ಆಂಡರ್ಸನ್ ಅರಸೀಕೆರೆ ಕಡೆಯ ಒಂದು ಕೊಲೆಗಡುಕ ಕರಡಿಯ ಬಗ್ಗೆ 1957ರ ಪುಸ್ತಕದಲ್ಲಿ ಬರೆದಿದ್ದಾನೆ. ಅದನ್ನು ಓದಿದರೆ ಮುಖದ ಗಾಯಗಳ ಬಗ್ಗೆ ಅವನಿಗೂ ಹುಲಿಗಿಂತ ಹೆಚ್ಚು ದಿಗಿಲು ಇತ್ತೆಂದು ತಿಳಿಯುತ್ತದೆ.

1962ರ ಕಡಲೆಕಾಯಿ ಕಾಲ. ತಾತ ಹೊಲದಲ್ಲಿ ಅಟ್ಟಣೆ ಕಟ್ಟಿ ಹಂದಿ ಕಾಯುತ್ತಿದ್ದರು. ಕೈಯಲ್ಲಿ ಒಂಟಿನಳಿಗೆಯ ಕೇಪಿನ ಕೋವಿ. ಅದಕ್ಕೆ ತೋಟಾ ಎಂಬುದೇ ಇಲ್ಲ, ತೋಟಾವನ್ನು ಪ್ರತಿ ಸಲ ನಳಿಗೆಯೊಳಗೇ ಕಟ್ಟಬೇಕು. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿದು, ಹಿಂದೆ ಮೊಲೆಯ ಮೇಲೆ ಕೇಪು ಕೂರಿಸಿದರೆ ಒಂದು ಈಡು. ಚರೆ ಎಂದರೆ ತಾತನ ಮಟ್ಟಿಗೆ ಸೀಸದ ತುಂಡುಗಳು, ಸೀಸ ಮುಗಿದಾಗ ಮುರಿದ ಬಾಣಲೆಯ ಚೂರು. ಮದ್ದಿಗೆ ದುಡ್ಡು ಬೇಕು, ಆದ್ದರಿಂದ ಮದ್ದೂ ಕೈಬಿಗಿ. ಬೆಳುದಿಂಗಳಲ್ಲಿ ಹೊಲದ ಅಂಚಿನಲ್ಲಿ ಕಪ್ಪಗೆ ಏನೋ ಅಲ್ಲಾಡಿತು. ಹಂದಿ ಎಂದುಕೊಂಡು ಹೊಡೆದರು. ಎದ್ದ ಕೂಗಿನಿಂದ ಅದು ಕರಡಿ ಎಂದು ಊರಿಗೇ ಗೊತ್ತಾಯಿತು.

ಈ ಈಡಿಗೂ ಲೆಕ್ಕ ಹಾಕಿದ್ದೇನೆ. ಹೊಸ ಫ್ಯಾಕ್ಟರಿ ತೋಟಾದಲ್ಲಿ ಬರುವ ಎಲ್‌ಜಿ ಚರೆ ಒಂದೊಂದೂ ನಾಲ್ಕೂವರೆ ಗ್ರಾಮಿನ ಮೇಲೆ, ಹತ್ತಿರದಲ್ಲಿ ಒಂದೊಂದಕ್ಕೂ 300 ಜೌಲಿನಷ್ಟು ಪೆಟ್ಟು. ತಾತನ ತುಂಡುಗಳು ಅದರ ಅರ್ಧವೂ ಇರಲಾರವು. ಕರಡಿಗೆ ಗೇಣುದ್ದದ ಕೂದಲು, ಸಡಿಲ ಚರ್ಮ, ಒಳಗೆ ಕೊಬ್ಬು. ನಾಲ್ಕೈದು ಚೂರು ಹೊಕ್ಕು ಎಲ್ಲೂ ಮುಟ್ಟದೆ ನಿಂತಿರಬೇಕು. ಅದೇ ದೂರದಿಂದ, ಅದೇ ಕೋವಿಯಲ್ಲಿ, ತುಂಬ ಮದ್ದು ಹಾಕಿ ಒಂದೇ ಒಂದು ದುಂಡು ಗುಂಡು ಬಿಟ್ಟಿದ್ದರೆ ಕರಡಿ ಅಲ್ಲೇ ಬೀಳುತ್ತಿತ್ತು. ಅದಕ್ಕೆ 405 ಬೇಕಿರಲಿಲ್ಲ, 375 ಬೇಕಿರಲಿಲ್ಲ. ಅದು ತಾತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದು ಅಪ್ಪ ಹೇಳುತ್ತಾರೆ. ಒಂಟಿ ಗುಂಡು ಕತ್ತಲಲ್ಲಿ ತಪ್ಪುತ್ತದೆ, ಚರೆ ಹರಡಿಕೊಂಡು ಎಲ್ಲಾದರೂ ತಾಗುತ್ತದೆ. ಹಂದಿ ಓಡಿಹೋದರೆ ಸಾಕಿತ್ತು, ಸಾಯಬೇಕೆಂದೇನೂ ಇರಲಿಲ್ಲ.

ನಾನು ಕಾನೂನಿನ ಮೇಲೂ ಸ್ವಲ್ಪ ಭಾರ ಹಾಕುತ್ತೇನೆ. 1878ರ ಶಸ್ತ್ರ ಕಾಯಿದೆ ಈ ದೇಶದವರು ಕೋವಿ ಹಿಡಿಯಬೇಕಾದರೆ ಲೈಸೆನ್ಸ್ ಕೇಳಿತು, ಯೂರೋಪಿನವರಿಗೆ ವಿನಾಯಿತಿ ಕೊಟ್ಟಿತು. ಕೊಡವರಂತಹ ಕೆಲವರಿಗೆ ಮಾತ್ರ ರಿಯಾಯಿತಿ ಸಿಕ್ಕಿತು. ಹೀಗಾಗಿ ಒಳ್ಳೆಯ ತೋಟಾ ಇದ್ದದ್ದು ರಜೆಯಲ್ಲಿ ಕಾರಿನಲ್ಲಿ ಬರುವವನ ಕೈಯಲ್ಲಿ. ಕರಡಿಯ ನೆರೆಯಲ್ಲೇ ಹುಟ್ಟಿ ಸಾಯುವವನ ಕೈಯಲ್ಲಿ ಬಾಣಲೆಯ ಚೂರು. ಆದರೆ ಅದಷ್ಟನ್ನೇ ಹೇಳಿದರೆ ಪೂರ್ತಿ ಹೇಳಿದಂತಾಗುವುದಿಲ್ಲ. ಬೆಳಿಗ್ಗೆ ರಕ್ತ ಬಂಡೆಗಳ ಕಡೆ ಹೋಗಿತ್ತು. ಗಾಯ ಮಾಡಿದವನೇ ಹಿಂದೆ ಹೋಗಿ ಮುಗಿಸಬೇಕು ಎಂಬುದು ಕಾರ್ಬೆಟ್, ಆಂಡರ್ಸನ್‌ರ ಕಟ್ಟಳೆ ಮಾತ್ರವಲ್ಲ, ಮಲೆನಾಡಿನ ಶಿಕಾರಿಯವರದೂ ನಮ್ಮ ಬೇಡರದೂ ಅದೇ ಕಟ್ಟಳೆ. ಇನ್ನೊಂದು ಈಡು ಕಟ್ಟಲು ಒಂದು ನಿಮಿಷ ಬೇಕಾಗುವ ಕೋವಿ ಹಿಡಿದು ಕರಡಿಯ ಗವಿಯ ಬಾಯಿಗೆ ಹೋಗಲು ತಾತ ಒಪ್ಪಲಿಲ್ಲ. ಯಾರೂ ಒಪ್ಪುತ್ತಿರಲಿಲ್ಲ. ಆ ಕಡೆ ಯಾರೂ ಹೋಗಬೇಡಿ ಎಂದು ಊರಲ್ಲಿ ಹೇಳಿಸಿದರು, ಅಷ್ಟೇ.

ಪಕ್ಕದ ಹಟ್ಟಿಯವರಿಗೆ ಆ ಮಾತು ಮುಟ್ಟಲಿಲ್ಲ. ಮೂರನೇ ದಿನ ಆಡು ಹೊಡೆದುಕೊಂಡು ಬಂದ ಒಬ್ಬ ಹುಡುಗ, ಹದಿನೇಳೋ ಹದಿನೆಂಟೋ ವಯಸ್ಸು, ಬಂಡೆಯ ನೆರಳಿಗೆ ಕೂರಲು ಹೋದ. ಒಂದು ಕಣ್ಣು, ಮೂಗು, ಬಲಗೆನ್ನೆ ಹೋಯಿತು. ಗಾಡಿಯಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದವರಲ್ಲಿ ತಾತನೂ ಇದ್ದರು. ಹುಡುಗ ಬದುಕಿದ. ಕರಡಿ ವಾರದ ಮೇಲೆ ಗವಿಯಲ್ಲಿ ನಾತ ಹೊಡೆದಾಗ ಸತ್ತದ್ದು ಗೊತ್ತಾಯಿತು. ತಾತ ಆ ಕೋವಿಯನ್ನು ಒಪ್ಪಿಸಿ, ಎರಡು ವರ್ಷದ ಮೇಲೆ ಹನ್ನೆರಡು ಬೋರಿನ ತೋಟಾಕೋವಿ ಕೊಂಡರು. ಹತ್ತು ತೋಟಾ ತಂದರು. ನಾಲ್ಕನ್ನು ಆಕಾಶಕ್ಕೆ ಹಾರಿಸಿದರು. ಉಳಿದ ಆರು ಕಾಗದದ ಚಿಪ್ಪಿನವು, ಮಳೆಗಾಲದ ತೇವಕ್ಕೆ ಉಬ್ಬಿ ಈಗ ನಳಿಗೆಯಲ್ಲಿ ಹಿಡಿಯುವುದಿಲ್ಲ.

ನನ್ನ ಬಾಲ್ಯದಲ್ಲಿ ಪ್ರತಿ ವರ್ಷ ರಾಗಿ ಕಣ ಮುಗಿದ ಮೇಲೆ ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬ ಮನುಷ್ಯ ಬಂದು ಜಗಲಿಯ ಮೇಲೆ ಕೂರುತ್ತಿದ್ದ. ಮಕ್ಕಳನ್ನು ಒಳಗೆ ಕಳಿಸುತ್ತಿದ್ದರು. ಅಜ್ಜಿ ಅವನಿಗೆ ಊಟ ಬಡಿಸಿ ಮುಖ ತಿರುಗಿಸಿ ಕೂರುತ್ತಿದ್ದಳು, ಅವನು ಟವೆಲ್ ತೆಗೆದು ಉಣ್ಣಲಿ ಎಂದು. ಹೋಗುವಾಗ ಗಾಡಿಗೆ ಒಂದು ಮೂಟೆ ಹಾಕುತ್ತಿದ್ದರು. ಅವನು ನಮ್ಮ ನೆಂಟನೂ ಅಲ್ಲ, ಜೀತದವನೂ ಅಲ್ಲ, ಯಾರು ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ.

ಹೋದ ವರ್ಷ ಹಳೆಯ ಮನೆಯ ಅಟ್ಟ ಇಳಿಸಿದಾಗ ತಾತನ ಲೆಕ್ಕದ ಪುಸ್ತಕಗಳು ಸಿಕ್ಕಿದವು. ಕೆಂಪು ರಟ್ಟಿನ ಉದ್ದನೆಯ ಪುಸ್ತಕಗಳು. ಕಂದಾಯ, ಗೊಬ್ಬರ, ಕೇಪು ಒಂದು ಡಬ್ಬಿ, ಸೀಸ ಅರ್ಧ ಸೇರು, ಕೂಲಿ. 1963ರಿಂದ ಪ್ರತಿ ವರ್ಷ ಕಣದ ಲೆಕ್ಕದ ಕೊನೆಯಲ್ಲಿ ಒಂದೇ ಸಾಲು: ಕರಡಿ ಬಾಬ್ತು, ರಾಗಿ 1 ಮೂಟೆ. ಬರಗಾಲದ ಎರಡು ವರ್ಷ ಅರ್ಧ ಮೂಟೆ ಎಂದಿದೆ, ಮರು ವರ್ಷ ಒಂದೂವರೆ. 1986ರಲ್ಲಿ ತಾತ ತೀರಿಕೊಂಡರು. ಅಲ್ಲಿಂದ ಕೈಬರಹ ಅಪ್ಪನದು. ಬಾಬ್ತಿನ ಹೆಸರು ಅದೇ, ಮೂಟೆಯೂ ಅದೇ, 1997ರ ತನಕ.

ಆ ವರ್ಷದ ಸಾಲಿನ ಎದುರು ಅಪ್ಪ ಪೆನ್ಸಿಲಿನಲ್ಲಿ ಬರೆದಿದ್ದಾರೆ: ಹಟ್ಟಿಯಿಂದ ಮಗ ಬಂದಿದ್ದ, ತೆಗೆದುಕೊಂಡು ಹೋಗಲಿಲ್ಲ.